ಸ್ಯಾಂಪ್ಲಿಂಗ್ ಪ್ರಮೇಯದ ಪಾಠಾಂತರಗಳು: ಒಂದು ಚಾರಿತ್ರಿಕ ಅವಲೋಕನ

ಒಂದೇ ಕಥೆ ದೂರದೂರದ ಎರಡು ನಾಡುಗಳಲ್ಲಿ ದೊರೆತಾಗ, ಅದು ಒಂದೆಡೆ ಹುಟ್ಟಿ ಪ್ರಸಾರಗೊಂಡಿತೇ ಇಲ್ಲವೆ ಎರಡೂ ಕಡೆ ಸ್ವತಂತ್ರವಾಗಿ ಹುಟ್ಟಿತೇ ಎಂಬುದು ಜಾನಪದ ಅಧ್ಯಯನದ ಹಳೆಯ ಪ್ರಶ್ನೆ. ಥಿಯೊಡೋರ್ ಬೆನ್ಫಿ 1859ರಲ್ಲಿ ಪಂಚತಂತ್ರದ ಜರ್ಮನ್ ಅನುವಾದದೊಡನೆ ಮಂಡಿಸಿದ ಪ್ರಸಾರವಾದವೂ, ಮುಂದೆ ಆಂಡ್ರೂ ಲ್ಯಾಂಗ್ ಮೊದಲಾದವರು ಎತ್ತಿಹಿಡಿದ ಬಹುಮೂಲವಾದವೂ ವಿದ್ವಾಂಸರಿಗೆ ಪರಿಚಿತವೇ. ಗಣಿತದ ಚರಿತ್ರೆಯೂ ಈ ಪ್ರಶ್ನೆಯಿಂದ ಹೊರತಲ್ಲ. ಧ್ವನಿಯನ್ನು ಅಂಕಿಗಳಾಗಿ ಉಳಿಸುವ ಇಂದಿನ ಎಲ್ಲ ಜಾನಪದ ಭಂಡಾರಗಳಿಗೂ ಆಧಾರವಾಗಿರುವ ಸ್ಯಾಂಪ್ಲಿಂಗ್ ಪ್ರಮೇಯವು ಎಡಿನ್‌ಬರೋ, ಜಪಾನ್, ಮಾಸ್ಕೋ, ಬರ್ಲಿನ್ ಮತ್ತು ಅಮೆರಿಕಗಳಲ್ಲಿ ಬೇರೆ ಬೇರೆ ಪಾಠಗಳಾಗಿ ಕಾಣಿಸಿಕೊಂಡಿತು. ಅದರ ಕರ್ತೃ ಯಾರೆಂಬ ಚರ್ಚೆ ಬಹುಕಾಲ ನಡೆದಿದೆ.

ಪ್ರಮೇಯದ ತಿರುಳನ್ನು ಮೊದಲು ತಿಳಿಯುವುದು ಅಗತ್ಯ. ನಾದವೆಂಬುದು ಕಾಲದೊಡನೆ ಏರಿಳಿಯುವ ಎಡೆಬಿಡದ ಒಂದು ರೇಖೆ. ಗಣಿತದ ಪರಿಭಾಷೆಯಲ್ಲಿ ಒಂದು ಉತ್ಪನ್ನ. ಉಷ್ಣಪ್ರಸರಣವನ್ನು ಕುರಿತು ಜೋಸೆಫ್ ಫೂರಿಯೇ 1807ರಲ್ಲಿ ಮಂಡಿಸಿ 1822ರಲ್ಲಿ ಗ್ರಂಥರೂಪಕ್ಕೆ ತಂದ ವಿಚಾರದ ಪ್ರಕಾರ, ಇಂತಹ ರೇಖೆಯನ್ನು ಬೇರೆ ಬೇರೆ ಆವರ್ತಾಂಕಗಳ ಸರಳ ಅಲೆಗಳಾಗಿ ಬಿಡಿಸಬಹುದು. ಯಾವ ಆವರ್ತಾಂಕದ ಅಲೆ ಎಷ್ಟಿದೆ ಎಂಬ ಲೆಕ್ಕವೇ ಫೂರಿಯೇ ರೂಪಾಂತರ. ಒಂದು ಮಿತಿಯ ಆಚೆಗೆ ಈ ರೂಪಾಂತರವು ಪೂರ್ತಿ ಶೂನ್ಯವಾಗಿದ್ದರೆ, ಆ ಮಿತಿಯ ಎರಡು ಪಟ್ಟಿಗಿಂತ ಹೆಚ್ಚಿನ ವೇಗದಲ್ಲಿ, ಸಮಾನ ಅಂತರದಲ್ಲಿ ಅಳೆದಿಟ್ಟ ಬೆಲೆಗಳಿಂದಲೇ ಇಡೀ ರೇಖೆಯನ್ನು ಲೋಪವಿಲ್ಲದೆ ಮರಳಿ ಪಡೆಯಬಹುದು. ಪ್ರತಿಯೊಂದು ಬೆಲೆಗೂ ಒಂದು ನಿಗದಿತ ಅಲೆಯಾಕೃತಿ ಉಂಟು. ಅದು ತನ್ನ ಬಿಂದುವಿನಲ್ಲಿ ಶಿಖರಕ್ಕೇರುತ್ತದೆ. ಅಳತೆಯ ಉಳಿದೆಲ್ಲ ಬಿಂದುಗಳಲ್ಲಿ ಶೂನ್ಯಕ್ಕಿಳಿಯುತ್ತದೆ. ಆದುದರಿಂದ ಒಂದರ ಬೆಲೆಯನ್ನು ಇನ್ನೊಂದು ಕೆಡಿಸುವುದಿಲ್ಲ. ಈ ಆಕೃತಿಗಳನ್ನೆಲ್ಲ ಕೂಡಿಸಿದರೆ ಮೂಲ ರೇಖೆ ದೊರೆಯುತ್ತದೆ.

ನಡುವಿನ ಬೆಲೆಗಳನ್ನು ಕಂಡುಹಿಡಿಯುವ ಅಂತರ್ವೇಶನ ವಿದ್ಯೆ ಹೊಸತೇನಲ್ಲ. ಕ್ರಿ.ಶ. 665ರ ‘ಖಂಡಖಾದ್ಯಕ’ದಲ್ಲಿ ಬ್ರಹ್ಮಗುಪ್ತನು ಜ್ಯಾಕೋಷ್ಟಕದ ನಡುಬೆಲೆಗಳಿಗಾಗಿ ಎರಡನೆಯ ಅಂತರಗಳನ್ನು ಬಳಸುವ ಸೂತ್ರವನ್ನು ನೀಡಿದ್ದಾನೆ. ಆದರೆ ಅಲ್ಲಿ ದೊರೆಯುವುದು ಸಮೀಪದ ಬೆಲೆ. ನಿಖರವಾದ ಬೆಲೆ ಯಾವಾಗ ದೊರೆಯುತ್ತದೆ ಎಂಬುದು ಇಪ್ಪತ್ತನೆಯ ಶತಮಾನದ ಪ್ರಶ್ನೆ.

ಎಡಿನ್‌ಬರೋ ವಿಶ್ವವಿದ್ಯಾಲಯದ ಇ. ಟಿ. ವಿಟೇಕರ್ 1915ರಲ್ಲಿ ಈ ಪ್ರಶ್ನೆಯನ್ನು ಎತ್ತಿಕೊಂಡರು. ಕೋಷ್ಟಕದ ಅವೇ ಬಿಂದುಗಳ ಮೂಲಕ ಹಾಯ್ದುಹೋಗುವ ಉತ್ಪನ್ನಗಳು ಅಸಂಖ್ಯ; ಅವುಗಳಲ್ಲಿ ಕ್ಷಿಪ್ರ ಆಂದೋಲನಗಳಿಲ್ಲದ ಒಂದನ್ನು ಅವರು ಪ್ರತ್ಯೇಕಿಸಿ ಅದಕ್ಕೆ ‘ಕಾರ್ಡಿನಲ್’ ಎಂಬ ಹೆಸರು ಕೊಟ್ಟರು. ಜಪಾನಿನ ಕಿನ್ನೊಸುಕೆ ಒಗುರಾ 1920ರಲ್ಲಿ ಇದೇ ವಿಷಯವನ್ನು ಮುಂದುವರಿಸಿದರು. ವಿಟೇಕರರ ಮಗ ಜೆ. ಎಂ. ವಿಟೇಕರ್ 1935ರಲ್ಲಿ ಇದರ ಮೇಲೊಂದು ಕಿರುಗ್ರಂಥವನ್ನೇ ಬರೆದರು. ಇವರಾರ ಮುಂದೆಯೂ ತಂತಿಯಾಗಲಿ ದೂರವಾಣಿಯಾಗಲಿ ಇರಲಿಲ್ಲ.

ಎಂಜಿನಿಯರುಗಳ ಪರಂಪರೆ ಬೇರೆಯೇ ಆಗಿತ್ತು. ಸ್ವೀಡನ್ನಿನಲ್ಲಿ ಹುಟ್ಟಿ ಅಮೆರಿಕದಲ್ಲಿ ದುಡಿದ ಹ್ಯಾರಿ ನೈಕ್ವಿಸ್ಟ್, ಸೀಮಿತ ಆವರ್ತಾಂಕಗಳ ತಂತಿಯಲ್ಲಿ ಸೆಕೆಂಡಿಗೆ ಎಷ್ಟು ಸ್ವತಂತ್ರ ಸಂಕೇತಗಳನ್ನು ಕಳುಹಿಸಬಹುದೆಂದು 1928ರಲ್ಲಿ ಲೆಕ್ಕ ಹಾಕಿದರು. ‘ಎರಡು ಪಟ್ಟು’ ಎಂಬ ಅಂಶ ಅಲ್ಲಿ ಸ್ಪಷ್ಟವಾಗಿದೆ. ರೇಖೆಯನ್ನು ಮರಳಿ ಕಟ್ಟುವ ಪ್ರಮೇಯ ಮಾತ್ರ ಇಲ್ಲ. ಅದನ್ನು ಸಂಪರ್ಕವಿದ್ಯೆಗೆ ಸಂಬಂಧಿಸಿ ಖಚಿತವಾಗಿ ಹೇಳಿದವರು ಸೋವಿಯತ್ ಒಕ್ಕೂಟದ ವ್ಲಾದಿಮಿರ್ ಕೊಟೆಲ್ನಿಕೋವ್, 1933ರಲ್ಲಿ. ರಷ್ಯನ್ ಭಾಷೆಯಲ್ಲಿದ್ದ ಆ ಪ್ರಬಂಧ ಪಶ್ಚಿಮದವರ ಗಮನಕ್ಕೆ ಬಹುಕಾಲ ಬರಲಿಲ್ಲ. ಬರ್ಲಿನ್ನಿನ ಹರ್ಬರ್ಟ್ ರಾಬೆ 1939ರ ಪ್ರೌಢಪ್ರಬಂಧದಲ್ಲಿ, ಜಪಾನಿನ ಇಸಾವೊ ಸೊಮೆಯಾ 1949ರ ಗ್ರಂಥದಲ್ಲಿ ಇದೇ ತತ್ತ್ವಕ್ಕೆ ತಲುಪಿದರು. ಅದೇ 1949ರಲ್ಲಿ ಪ್ರಕಟವಾದ ಕ್ಲಾಡ್ ಶ್ಯಾನನ್‌ರ ಲೇಖನದಿಂದ ಪ್ರಮೇಯ ಲೋಕಪ್ರಸಿದ್ಧವಾಯಿತು.

ಶ್ಯಾನನ್ ಕರ್ತೃತ್ವವನ್ನು ತಮ್ಮದೆಂದು ಹೇಳಿಕೊಳ್ಳಲಿಲ್ಲ ಎಂಬುದು ಇಲ್ಲಿ ಮುಖ್ಯ. ಈ ಸಂಗತಿ ಸಂಪರ್ಕ ತಜ್ಞರಲ್ಲಿ ಎಲ್ಲರಿಗೂ ತಿಳಿದದ್ದು, ಗಣಿತಜ್ಞರು ಬೇರೆ ರೂಪದಲ್ಲಿ ಹಿಂದೆಯೇ ಕೊಟ್ಟದ್ದು ಎಂದು ಅವರು ಬರೆದರು, ಜೆ. ಎಂ. ವಿಟೇಕರರ ಗ್ರಂಥವನ್ನು ಉಲ್ಲೇಖಿಸಿದರು. ಆದುದರಿಂದ ಎಲ್ಲವನ್ನೂ ಬಹುಮೂಲವೆಂದು ಸಾರಿಬಿಡುವುದು ಸರಿಯಲ್ಲ. ಎಡಿನ್‌ಬರೋದಿಂದ ಅಮೆರಿಕಕ್ಕೆ ಪ್ರಸಾರದ ಎಳೆ ಸ್ಪಷ್ಟವಾಗಿದೆ. ಬರ್ಲಿನ್ ಮತ್ತು ಮಾಸ್ಕೋಗಳಲ್ಲಿ ಕೆಲಸ ಮಾಡಿದ್ದು ಸಮಾನ ಅಗತ್ಯ: ಸೀಮಿತ ಸಾಮರ್ಥ್ಯದ ಮಾರ್ಗದಲ್ಲಿ ಹೆಚ್ಚು ಮಾತುಗಳನ್ನು ಸಾಗಿಸಬೇಕಾಗಿತ್ತು. ಹೆಸರು ಮಾತ್ರ ಕಥೆಯನ್ನು ದೊಡ್ಡ ಸಭೆಯಲ್ಲಿ ಹೇಳಿದವರ ಪಾಲಾಯಿತು. ಕೊಟೆಲ್ನಿಕೋವ್‌ರಿಗೆ ಜರ್ಮನಿಯ ಎಡ್ವರ್ಡ್ ರೈನ್ ಪ್ರತಿಷ್ಠಾನದ ಪ್ರಶಸ್ತಿ ಸಂದದ್ದು 1999ರಲ್ಲಿ, ಅವರ ತೊಂಬತ್ತು ದಾಟಿದ ವಯಸ್ಸಿನಲ್ಲಿ.

ಪಾಠಾಂತರಗಳಲ್ಲಿ ಹೆಸರು ಬದಲಾದರೂ ‘ಮಿತಿಯ ಆಚೆಗೆ ಶೂನ್ಯ’ ಎಂಬ ನಿಬಂಧನೆ ಕದಲುವುದಿಲ್ಲ. ಧ್ವನಿಸಂಗ್ರಾಹಕರು ಲಕ್ಷ್ಯವಿಡಬೇಕಾದುದು ಇಲ್ಲಿಯೇ. ಮಿತಿ ಮೀರಿದ ಆವರ್ತಾಂಕಗಳನ್ನು ಮೊದಲೇ ಸೋಸಿ ತೆಗೆಯದಿದ್ದರೆ ಅವು ವೇಷ ಮರೆಸಿಕೊಂಡು ಒಳಗೆ ಬರುತ್ತವೆ. ಸೆಕೆಂಡಿಗೆ 44,100 ಬಾರಿ ಅಳೆಯುವಾಗ 30,000 ಹರ್ಟ್ಸ್‌ನ ಕಂಪನ 14,100 ಹರ್ಟ್ಸ್‌ನ ಸ್ವರವಾಗಿ ದಾಖಲಾಗುತ್ತದೆ. ಸೆಕೆಂಡಿಗೆ 24 ಚಿತ್ರಗಳ ಸಿನಿಮಾದಲ್ಲಿ ರಥದ ಚಕ್ರ ಹಿಂದಕ್ಕೆ ತಿರುಗಿದಂತೆ ಕಾಣುವುದೂ ಇದೇ ಕಾರಣದಿಂದ. ಸೋಸಿದ ಮೇಲೆ ಹೋದದ್ದು ಹೋಯಿತು. ಯಾವ ಅಂತರ್ವೇಶನವೂ ಅದನ್ನು ತರಲಾರದು. ದೂರವಾಣಿಗೆ ನಿಗದಿಯಾದ ಸೆಕೆಂಡಿಗೆ 8,000 ಮಾದರಿಗಳಲ್ಲಿ ಕಂಸಾಳೆ ಪದದ ಸಾಹಿತ್ಯ ಉಳಿದೀತು, ಕಂಚಿನ ಝೇಂಕಾರದ ಮೇಲಿನ ಪದರ ಉಳಿಯದು. ಅಂತಾರಾಷ್ಟ್ರೀಯ ಧ್ವನಿ ಮತ್ತು ದೃಶ್ಯಶ್ರವ್ಯ ಭಂಡಾರಗಳ ಸಂಘವು ತನ್ನ ಮಾರ್ಗಸೂಚಿಯಲ್ಲಿ 48,000ವನ್ನು ಕನಿಷ್ಠವೆಂದೂ 96,000ವನ್ನು ಅಪೇಕ್ಷಣೀಯವೆಂದೂ ಹೇಳಿರುವುದು ಅತಿರೇಕವಲ್ಲ.

ಡಚ್ ವಿದ್ವಾಂಸ ಆರ್ನಾಲ್ಡ್ ಬಾಕೆ 1938ರಲ್ಲಿ ತಮಿಳುನಾಡು, ಕೇರಳ, ಕರ್ನಾಟಕಗಳಲ್ಲಿ ಧ್ವನಿಮುದ್ರಣ ನಡೆಸಿದ್ದರು. ನಜೀರ್ ಜೈರಾಜ್‌ಭಾಯ್ ಮತ್ತು ಏಮಿ ಕ್ಯಾಟ್ಲಿನ್ 1984ರಲ್ಲಿ ಅದೇ ಜಾಡು ಹಿಡಿದು ಬಂದು, ನಲವತ್ತಾರು ವರ್ಷಗಳಲ್ಲಿ ಆದ ಬದಲಾವಣೆಗಳನ್ನು ಹೋಲಿಸಿ ನೋಡಿದರು. ಇಂತಹ ಮರುಅಧ್ಯಯನದಲ್ಲಿ ಪದದ ಪಾಠವನ್ನು ಹೋಲಿಸಲು ಕಡಿಮೆ ವೇಗದ ಅಂಕೀಯ ಪ್ರತಿಯೂ ಸಾಕಾದೀತು. ಕಂಠದ ಗುಣ, ವಾದ್ಯದ ನಾದ ಬದಲಾಗಿವೆಯೇ ಎಂದು ಕೇಳುವವರಿಗೆ ಆ ಪ್ರತಿ ಏನನ್ನೂ ಹೇಳದು.