ಪೇನ್, ರಾಬರ್ಟ್ ಟಿ. (1933-2016)

ಅಮೆರಿಕದ ಕಡಲ ಪರಿಸರವಿಜ್ಞಾನಿ. ಕೀಸ್ಟೋನ್ ಪ್ರಭೇದ (ತನ್ನ ಸಂಖ್ಯೆಗೆ ಮೀರಿದ ಪ್ರಭಾವ ಬೀರುವ ಪ್ರಭೇದ) ಎಂಬ ಪರಿಕಲ್ಪನೆಯ ಜನಕ. ಹುಟ್ಟಿದ್ದು ಮ್ಯಾಸಚೂಸೆಟ್ಸ್ ರಾಜ್ಯದ ಕೇಂಬ್ರಿಜ್‌ನಲ್ಲಿ. ಹಾರ್ವರ್ಡ್‌ನಲ್ಲಿ ಪದವಿ, ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪಡೆದು, ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ನೆಲೆನಿಂತರು.

ಇವರ ಹೆಸರು ಉಳಿದಿರುವುದು ಒಂದು ಸರಳ ಪ್ರಯೋಗದಿಂದ. 1963ರಲ್ಲಿ ಪೆಸಿಫಿಕ್ ತೀರದ ಮಕಾ ಕೊಲ್ಲಿಯಲ್ಲಿ, ಇಳಿತದ ಹೊತ್ತು ಬಂಡೆಗೆ ಕಚ್ಚಿಕೊಂಡಿದ್ದ ಪೈಸಾಸ್ಟರ್ ನಕ್ಷತ್ರಮೀನುಗಳನ್ನು ಹಾರೆಯಿಂದ ಮೀಟಿ ನೀರಿಗೆಸೆದರು. ಮತ್ತೆ ಬಂದವನ್ನೂ ಬಿಡಲಿಲ್ಲ. ಬೇಟೆಗಾರ ಇಲ್ಲವಾದ ಮೇಲೆ ಮಸ್ಸೆಲ್ ಚಿಪ್ಪುಜೀವಿಗಳು ಜಾಗವನ್ನೆಲ್ಲ ಆಕ್ರಮಿಸತೊಡಗಿದವು. ಅಲ್ಲಿದ್ದ 15 ಪ್ರಭೇದಗಳು 8ಕ್ಕೆ ಇಳಿದವು. ಪಕ್ಕದಲ್ಲೇ ಮುಟ್ಟದೆ ಬಿಟ್ಟ ಬಂಡೆ ಮೊದಲಿನಂತೆಯೇ ಇತ್ತು. 1966ರಲ್ಲಿ ಪ್ರಕಟವಾದ ಈ ಫಲಿತಾಂಶ, ಬೇಟೆಗಾರ ಪ್ರಾಣಿ ವೈವಿಧ್ಯವನ್ನು ಕಾಪಾಡಬಲ್ಲದೆಂದು ತೋರಿಸಿತು. ಬರೀ ನೋಡಿ ದಾಖಲಿಸುವುದಕ್ಕಿಂತ ಕೆದಕಿ ನೋಡುವುದು ಮೇಲೆಂಬ ಇವರ ಹಟ ಪರಿಸರವಿಜ್ಞಾನದ ವಿಧಾನವನ್ನೇ ಬದಲಿಸಿತು ಎನ್ನಬಹುದು.

ಕೀಸ್ಟೋನ್ ಎಂಬ ಹೆಸರು ಬಂದದ್ದು 1969ರಲ್ಲಿ, ಟ್ರೋಫಿಕ್ ಕ್ಯಾಸ್ಕೇಡ್ (ಬೇಟೆಗಾರನ ಪ್ರಭಾವ ಆಹಾರ ಸರಪಳಿಯಲ್ಲಿ ಕೆಳಹಂತಗಳಿಗೆ ಇಳಿಯುವುದು) ಎಂಬ ಮಾತು 1980ರಲ್ಲಿ. ಮೊದಲನೆಯದು ಎಷ್ಟು ಜನಪ್ರಿಯವಾಯಿತೆಂದರೆ, ಆನೆಯಿಂದ ಅತ್ತಿ ಮರದವರೆಗೆ ಎಲ್ಲಕ್ಕೂ ಅದನ್ನು ಅಂಟಿಸಲಾಯಿತು. ಪ್ರಭೇದದ ಪ್ರಭಾವ ಅದರ ಸಂಖ್ಯೆಯನ್ನು ಮೀರಿದ್ದಾಗಿರಬೇಕೆಂಬ ನಿಯಮ ಹಲವೆಡೆ ಮರೆತೇಹೋಯಿತು.

ವಾಷಿಂಗ್ಟನ್ ರಾಜ್ಯದ ತೀರದಾಚೆಯ ಟಟೂಶ್ ದ್ವೀಪದಲ್ಲಿ ದಶಕಗಳ ಕಾಲ ಅಧ್ಯಯನ ಮುಂದುವರಿಸಿದರು. ಅಲೂಷಿಯನ್ ದ್ವೀಪಗಳಲ್ಲಿ ಕಡಲ ನೀರುನಾಯಿಗಳ ಬಗ್ಗೆ ಪರಿಸರವಿಜ್ಞಾನಿ ಜೇಮ್ಸ್ ಎಸ್ಟಿಸ್ ನಡೆಸಿದ ಸಂಶೋಧನೆಗೆ 1971ರಲ್ಲಿ ದಿಕ್ಕು ತೋರಿಸಿದವರು ಇವರೇ. ಕಡಲ ಪರಿಸರವಿಜ್ಞಾನಿಗಳಾದ ಜೇನ್ ಲುಬ್ಚೆಂಕೊ, ಬ್ರೂಸ್ ಮೆಂಜ್ ಇವರ ಶಿಷ್ಯರು. 2013ರಲ್ಲಿ ಜಪಾನಿನ ಕಾಸ್ಮಾಸ್ ಪ್ರಶಸ್ತಿ ಸಂದಿತು.