ಕಾಡ್ ಮೀನಿಗಾಗಿ ಮೂರು ಕದನ

ದಡದಿಂದ ಎಷ್ಟು ದೂರದವರೆಗಿನ ಕಡಲು ಒಂದು ದೇಶಕ್ಕೆ ಸೇರಿದ್ದು? 1702ರಲ್ಲಿ ಡಚ್ ನ್ಯಾಯವೇತ್ತ ಬಿಂಕರ್ಸ್‌ಹೂಕ್ ಇದಕ್ಕೆ ಕೊಟ್ಟ ಉತ್ತರ ಭೌತವಿಜ್ಞಾನದ ವಿದ್ಯಾರ್ಥಿಗಳಿಗೆ ಹಿಡಿಸುವಂಥದು: ಶಸ್ತ್ರದ ಬಲ ತಲಪುವವರೆಗೆ. ಮುಂದೆ 3 ನಾಟಿಕಲ್ ಮೈಲಿ, ಅಂದರೆ ಸುಮಾರು 5.6 ಕಿಲೋಮೀಟರ್, ಎಂಬ ಮಿತಿ ರೂಢಿಗೆ ಬಂತು. 45 ಡಿಗ್ರಿ ಕೋನಕ್ಕೆ ನೀವೇ ಲೆಕ್ಕ ಹಾಕಿ ನೋಡಿ. ಗುಂಡಿನ ವೇಗ ಸೆಕೆಂಡಿಗೆ ಸುಮಾರು 233 ಮೀಟರ್ ಇದ್ದರೆ ಸಾಕು. ಆದರೆ ಗಾಳಿಯ ರೋಧವನ್ನು ಮರೆಯುವಂತಿಲ್ಲ. ಆ ಕಾಲದ ಫಿರಂಗಿಗಳು ಅಷ್ಟು ದೂರ ಹೊಡೆಯುವುದು ಅಪರೂಪವೇ ಆಗಿತ್ತು.

ಮೀನನ್ನೇ ನೆಚ್ಚಿಕೊಂಡಿದ್ದ ಐಸ್‌ಲ್ಯಾಂಡ್ ಈ ಗೆರೆಯನ್ನು 1952ರಲ್ಲಿ 4, 1958ರಲ್ಲಿ 12, 1972ರಲ್ಲಿ 50, 1975ರಲ್ಲಿ 200 ಮೈಲಿಗೆ ಸರಿಸಿತು. ಅಲ್ಲಿ ಬಹುಕಾಲದಿಂದ ಕಾಡ್ ಮೀನು ಹಿಡಿಯುತ್ತಿದ್ದ ಬ್ರಿಟಿಷರು ಒಪ್ಪಲಿಲ್ಲ. ತಮ್ಮ ಟ್ರಾಲರ್‌ಗಳ ಕಾವಲಿಗೆ ಯುದ್ಧನೌಕೆಗಳನ್ನು ಕಳುಹಿಸಿದರು. ಒಬ್ಬರಿಗೆ ಅಕ್ರಮವೆನಿಸಿದ್ದು ಇನ್ನೊಬ್ಬರಿಗೆ ಮುಕ್ತ ಸಾಗರದ ಹಕ್ಕು. ಮೊದಲ ಜಗಳ 1961ರಲ್ಲಿ ಬ್ರಿಟನ್ 12 ಮೈಲಿಯನ್ನು ಒಪ್ಪುವುದರೊಂದಿಗೆ ಮುಗಿಯಿತು.

ಎರಡನೆಯದರಲ್ಲಿ ಐಸ್‌ಲ್ಯಾಂಡ್ ಬಳಸಿದ ಆಯುಧ ಫಿರಂಗಿಯಲ್ಲ, ಕತ್ತರಿ. ಟ್ರಾಲರ್ ತನ್ನ ಭಾರಿ ಬಲೆಯನ್ನು ಉಕ್ಕಿನ ಹಗ್ಗಗಳಿಂದ ಎಳೆಯುತ್ತದೆ. ಆಗ ಅದರ ವೇಗ ಕಡಿಮೆ, ತಟ್ಟನೆ ತಿರುಗಲೂ ಆಗದು. ಕಾವಲು ನೌಕೆ ಅದರ ಹಿಂದೆ ಅಡ್ಡಲಾಗಿ ಹಾಯುತ್ತ, ಅಲಗುಗಳುಳ್ಳ ಕೊಕ್ಕೆಯನ್ನು ನೀರಿನೊಳಗೆ ಎಳೆದುಕೊಂಡು ಹೋಗುತ್ತಿತ್ತು. ಬಿಗಿದ ಹಗ್ಗ ಕೊಕ್ಕೆಗೆ ಸಿಕ್ಕಿದರೆ ಮುಗಿಯಿತು: ಮೀನು ಸಮೇತ ಬಲೆ ಕಡಲ ಪಾಲು! ಹಡಗಿಗೆ ಒಂದು ಗೀರೂ ಬೀಳದು. 1972ರ ಸೆಪ್ಟೆಂಬರ್ 5ರಂದು ಇದರ ಮೊದಲ ಪ್ರಯೋಗವಾಯಿತು.

ಇದು ಆಟವಾಗಿ ಉಳಿಯಲಿಲ್ಲ. 1973ರ ಆಗಸ್ಟ್‌ನಲ್ಲಿ ಹಡಗುಗಳು ಡಿಕ್ಕಿಯಾದ ಮೇಲೆ, ಒಡೆದ ಭಾಗವನ್ನು ಬೆಸೆಯುತ್ತಿದ್ದ ಐಸ್‌ಲ್ಯಾಂಡಿನ ಎಂಜಿನಿಯರ್ ಒಬ್ಬರು ವಿದ್ಯುದಾಘಾತದಿಂದ ತೀರಿಕೊಂಡರು.

1974ರಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯ ಬ್ರಿಟನ್ ಪರವಾಗಿಯೇ ತೀರ್ಪಿತ್ತಿತು. ಆದರೂ ಗೆದ್ದದ್ದು ಐಸ್‌ಲ್ಯಾಂಡ್. ಅದರ ನೆಲದಲ್ಲಿದ್ದ ಕೆಫ್ಲಾವಿಕ್ ನೆಲೆ ನ್ಯಾಟೋ ಕೂಟಕ್ಕೆ ಅನಿವಾರ್ಯವಾಗಿತ್ತು. ಅದನ್ನು ಮುಚ್ಚಿಸುವ ಬೆದರಿಕೆ ಯಾವ ಕತ್ತರಿಗಿಂತಲೂ ಹರಿತವಾಗಿತ್ತೆಂದು ನನ್ನ ಎಣಿಕೆ. 1976ರ ಜೂನ್ ಒಪ್ಪಂದದಂತೆ ಆರು ತಿಂಗಳ ಮಟ್ಟಿಗೆ, ಒಮ್ಮೆಗೆ 24 ಬ್ರಿಟಿಷ್ ಟ್ರಾಲರ್‌ಗಳಿಗೆ ಮಾತ್ರ ಅನುಮತಿ ಉಳಿಯಿತು. ತಮಾಷೆಯೆಂದರೆ, 1977ರ ಆರಂಭದಲ್ಲಿ ಬ್ರಿಟನ್ ತಾನೂ 200 ಮೈಲಿಯ ಮೀನುಗಾರಿಕೆ ಮಿತಿಯನ್ನು ಜಾರಿಗೆ ತಂದಿತು. ಅದೇ ಜನವರಿಯಲ್ಲಿ ಭಾರತದ 200 ಮೈಲಿಯ ಅನನ್ಯ ಆರ್ಥಿಕ ವಲಯವೂ ಜಾರಿಯಾಯಿತು. 1982ರ ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಪ್ಪಂದ ಈ ಅಂಕಿಯನ್ನೇ ಎತ್ತಿಹಿಡಿಯಿತು.

ಹಲ್, ಗ್ರಿಮ್ಸ್‌ಬಿ ಬಂದರುಗಳ ಟ್ರಾಲರ್ ಕೆಲಸಗಾರರು ಮಾತ್ರ ದುಡಿಮೆ ಕಳೆದುಕೊಂಡರು. ಅವರಿಗಾಗಿ ಬ್ರಿಟನ್ ಸರ್ಕಾರದ ಪರಿಹಾರ ಯೋಜನೆ ಬಂದದ್ದು 2000ದಲ್ಲಿ.