ಆಟಿಸಂ ಮಗುವಿನ ಮನೆಗೆ ಊರೇ ಆಸರೆ: ನೆರವು ಎಲ್ಲಿ, ಹೇಗೆ?

ಮಗುವಿಗೆ ಆಟಿಸಂ ಇದೆ ಎಂಬ ಮಾತು ವೈದ್ಯರ ಬಾಯಿಂದ ಬಂದ ಮೇಲೆ ಅನೇಕ ಮನೆಗಳಲ್ಲಿ ಮೊದಲು ಕಡಿಮೆಯಾಗುವುದು ನೆಂಟರಿಷ್ಟರ ಓಡಾಟ. ಮದುವೆ, ಮುಂಜಿ, ಜಾತ್ರೆಗಳಿಗೆ ಹೋಗುವುದು ನಿಲ್ಲುತ್ತದೆ. ಧ್ವನಿವರ್ಧಕದ ಸದ್ದಿಗೆ ಕಿವಿ ಮುಚ್ಚಿಕೊಂಡು ಕಿರುಚುವ ಮಗುವನ್ನು ಕಂಡು ‘ಹಟಮಾರಿ’ ಎನ್ನುವವರೂ, ‘ತಾಯಿ ಮುದ್ದು ಮಾಡಿ ಕೆಡಿಸಿದ್ದಾಳೆ’ ಎನ್ನುವವರೂ ಎಲ್ಲೆಡೆ ಸಿಗುತ್ತಾರೆ. ಉದ್ಯೋಗ ಬಿಟ್ಟು ಮನೆಯಲ್ಲುಳಿದ ತಾಯಿ, ಚಿಕಿತ್ಸೆಯ ಖರ್ಚಿಗಾಗಿ ಎರಡು ಪಾಳಿ ದುಡಿಯುವ ತಂದೆ, ಯಾರಿಗೂ ಹೇಳಿಕೊಳ್ಳಲಾಗದ ಒಡಹುಟ್ಟು. ಇಂಥ ಕುಟುಂಬಗಳಿಗೆ ಆಸ್ಪತ್ರೆಯಷ್ಟೇ ಅಗತ್ಯವಾದುದು ಹತ್ತಿರದಲ್ಲೇ ಸಿಗುವ ಸಮುದಾಯದ ಬೆಂಬಲ. ಅದು ಎಲ್ಲಿದೆ, ಇಲ್ಲದ ಕಡೆ ಅದನ್ನು ಕಟ್ಟುವುದು ಹೇಗೆ ಎಂಬುದರ ಮಾಹಿತಿ ಇಲ್ಲಿದೆ.

ಏನಿದು ಆಟಿಸಂ?

ಸ್ವಲೀನತೆ ಎಂದೂ ಕರೆಯಲಾಗುವ ಆಟಿಸಂ ರೋಗವಲ್ಲ. ಮಿದುಳಿನ ಬೆಳವಣಿಗೆಯಲ್ಲಿನ ಭಿನ್ನತೆ. ಮಾತು-ಸಂವಹನ, ಇತರರೊಡನೆ ಬೆರೆಯುವಿಕೆ, ಒಂದೇ ಬಗೆಯ ವರ್ತನೆಯ ಪುನರಾವರ್ತನೆ, ಬೆಳಕು, ಸದ್ದು, ಸ್ಪರ್ಶಗಳಿಗೆ ಅತಿಯಾದ ಅಥವಾ ಅತಿ ಕಡಿಮೆ ಪ್ರತಿಕ್ರಿಯೆ ಇದರ ಮುಖ್ಯ ಲಕ್ಷಣಗಳು. ತೀವ್ರತೆ ಮಗುವಿನಿಂದ ಮಗುವಿಗೆ ಬೇರೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನ ಸುಮಾರು 127 ಜನರಲ್ಲಿ ಒಬ್ಬರಿಗೆ ಆಟಿಸಂ ಇತ್ತು.

ಒಂದು ವರ್ಷ ತುಂಬಿದರೂ ಹೆಸರು ಕರೆದಾಗ ತಿರುಗದಿರುವುದು, ಬೇಕಾದುದನ್ನು ಬೆರಳು ಮಾಡಿ ತೋರಿಸದಿರುವುದು, 16 ತಿಂಗಳಾದರೂ ಒಂದು ಪದವನ್ನೂ ಆಡದಿರುವುದು, ಎರಡು ವರ್ಷಕ್ಕೆ ಎರಡು ಪದ ಜೋಡಿಸದಿರುವುದು, ಕಲಿತ ಮಾತು ಮರೆಯಾಗುವುದು - ಇವುಗಳಲ್ಲಿ ಯಾವುದು ಕಂಡರೂ ತಡಮಾಡದೆ ತಜ್ಞರನ್ನು ಕಾಣಬೇಕು. ‘ಅವರಪ್ಪನೂ ತಡವಾಗಿಯೇ ಮಾತಾಡಿದ್ದ’ ಎಂಬ ಹಿರಿಯರ ಸಮಾಧಾನದಲ್ಲಿ ಅಮೂಲ್ಯ ವರ್ಷಗಳು ಕಳೆದುಹೋಗುತ್ತವೆ.

ದೂಷಣೆಯಿಂದ ಸಂಘಟನೆಗೆ

ಅಮೆರಿಕದ ಬಾಲ್ಟಿಮೋರ್‌ನಲ್ಲಿ ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ 1943ರಲ್ಲಿ 11 ಮಕ್ಕಳ ವಿವರ ಪ್ರಕಟಿಸಿದಾಗ ಆಟಿಸಂಗೆ ವೈದ್ಯಕೀಯ ಗುರುತು ದೊರೆಯಿತು. ಆದರೆ ಮುಂದಿನ ಎರಡು ದಶಕ ತಾಯಂದಿರ ಪಾಲಿಗೆ ಕಠಿಣವಾಗಿದ್ದವು. ತಾಯಿಯ ತಣ್ಣನೆಯ ವರ್ತನೆಯೇ ಇದಕ್ಕೆ ಕಾರಣವೆಂಬ ವಾದ ಹಬ್ಬಿ, ‘ರೆಫ್ರಿಜರೇಟರ್ ತಾಯಂದಿರು’ ಎಂಬ ಹೆಸರೇ ಬಳಕೆಗೆ ಬಂತು. ಅದನ್ನು ಅಲ್ಲಗಳೆದವರಲ್ಲಿ ಪ್ರಮುಖರು ಆಟಿಸಂ ಇದ್ದ ಮಗುವಿನ ತಂದೆಯೂ ಮನಶ್ಶಾಸ್ತ್ರಜ್ಞರೂ ಆಗಿದ್ದ ಬರ್ನಾರ್ಡ್ ರಿಮ್‌ಲ್ಯಾಂಡ್. 1964ರಲ್ಲಿ ಬಂದ ಅವರ ಪುಸ್ತಕ ಆಟಿಸಂಗೆ ಜೈವಿಕ ಕಾರಣವಿದೆ ಎಂದು ಪ್ರತಿಪಾದಿಸಿತು. ಬ್ರಿಟನ್ನಿನಲ್ಲಿ 1962ರಲ್ಲಿ, ಅಮೆರಿಕದಲ್ಲಿ 1965ರಲ್ಲಿ ಪೋಷಕರೇ ಸೇರಿ ರಾಷ್ಟ್ರಮಟ್ಟದ ಸಂಘಗಳನ್ನು ಕಟ್ಟಿದರು.

ಭಾರತದಲ್ಲೂ ದಾರಿ ತೆರೆದವರು ಪೋಷಕರೇ. ಆಟಿಸಂ ಇರುವ ಮಗನ ತಾಯಿ ಮೆರಿ ಬರುವಾ ಅವರು 1991ರಲ್ಲಿ ದೆಹಲಿಯಲ್ಲಿ ‘ಆಕ್ಷನ್ ಫಾರ್ ಆಟಿಸಂ’ ಸಂಸ್ಥೆ ಆರಂಭಿಸಿದರು. ಹೆತ್ತವರಿಗೇ ತರಬೇತಿ ನೀಡಿ ಮನೆಯನ್ನೇ ಕಲಿಕೆಯ ತಾಣವಾಗಿಸುವ ಪದ್ಧತಿಗೆ ದೇಶದಲ್ಲಿ ಬಲ ಬಂದದ್ದು ಇಂಥ ಪ್ರಯತ್ನಗಳಿಂದ.

ಕರ್ನಾಟಕದಲ್ಲಿ ಎಲ್ಲಿ ಹುಡುಕಬೇಕು?

ಬೆಂಗಳೂರಿನ ನಿಮ್ಹಾನ್ಸ್‌ನ ಮಕ್ಕಳ ಮನೋವೈದ್ಯ ವಿಭಾಗ, ಧಾರವಾಡದ ಡಿಮ್ಹಾನ್ಸ್ ಹಾಗೂ ಮೈಸೂರು ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಸರ್ಕಾರಿ ವಲಯದ ಪ್ರಮುಖ ಕೇಂದ್ರಗಳು. ಮೈಸೂರಿನ ಸಂಸ್ಥೆಯಲ್ಲಿ ಮಾತು-ಭಾಷೆಯ ತರಬೇತಿಯ ಜೊತೆಗೆ, ಮನೆಯಲ್ಲಿ ಅದನ್ನು ಮುಂದುವರಿಸುವ ಬಗೆಯನ್ನು ಪೋಷಕರಿಗೆ ಕಲಿಸಲಾಗುತ್ತದೆ.

ಬೆಂಗಳೂರಿನಲ್ಲಿ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕ, ಶಾಲಾಪೂರ್ವ ವಯಸ್ಸಿನ ಮಕ್ಕಳಿಗಾಗಿ ವಾಕ್ ತಜ್ಞೆ ಡಾ. ಪ್ರತಿಭಾ ಕಾರಂತ್ ರೂಪಿಸಿದ ‘ಕಾಮ್ ಡೀಲ್’, ಪೋಷಕರ ಸಂಘಟನೆ ಆಟಿಸಂ ಸೊಸೈಟಿ ಆಫ್ ಇಂಡಿಯಾ ಮೊದಲಾದವು ಈ ಕ್ಷೇತ್ರದಲ್ಲಿ ಪರಿಚಿತ ಹೆಸರುಗಳು.

ರಾಜಧಾನಿಗೆ ಅಲೆಯುವ ಮೊದಲು ಸ್ವಂತ ಜಿಲ್ಲೆಯಲ್ಲೇ ತಟ್ಟಬೇಕಾದ ಬಾಗಿಲುಗಳಿವೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ 18 ವರ್ಷದವರೆಗಿನ ಮಕ್ಕಳ ತಪಾಸಣೆ ನಡೆಯುತ್ತದೆ. ಬೆಳವಣಿಗೆ ಕುಂಠಿತವೆಂದು ಕಂಡ ಮಕ್ಕಳನ್ನು ಜಿಲ್ಲಾ ಶೀಘ್ರ ಮಧ್ಯಸ್ಥಿಕೆ ಕೇಂದ್ರಕ್ಕೆ ಕಳುಹಿಸಲಾಗುತ್ತದೆ. ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕು ಮಟ್ಟದ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಅರ್ಜಿ-ದಾಖಲೆಗಳಿಗೆ ನೆರವಾಗುತ್ತಾರೆ. ಅದೇ ಊರಿನಲ್ಲಿ ಇಂಥದೇ ಸ್ಥಿತಿಯ ಇನ್ನೊಂದು ಕುಟುಂಬವಿದ್ದರೆ ಅದರ ಸುಳಿವು ಮೊದಲು ಸಿಗುವುದೂ ಇವರಲ್ಲಿಯೇ. ಶಾಲೆಗೆ ಸಂಬಂಧಿಸಿದ ವಿಷಯಗಳಿಗೆ ಕ್ಷೇತ್ರ ಸಂಪನ್ಮೂಲ ಕೇಂದ್ರದ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರನ್ನು ಕಾಣಬಹುದು. ದಿವ್ಯಾಂಗ ಮಕ್ಕಳನ್ನು ಗುರುತಿಸಿ ಒಳಗೊಳ್ಳಲು ಅಂಗನವಾಡಿಗಳಿಗೂ 2023ರಲ್ಲಿ ಕೇಂದ್ರ ಸರ್ಕಾರ ಪ್ರತ್ಯೇಕ ಕಾರ್ಯವಿಧಾನ ಹೊರಡಿಸಿದೆ.

ಕಾನೂನು ಏನು ಕೊಡುತ್ತದೆ?

1995ರ ಅಂಗವಿಕಲರ ಕಾಯ್ದೆಯ ಪಟ್ಟಿಯಲ್ಲಿ ಆಟಿಸಂ ಇರಲಿಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆ ಅದನ್ನು ಹೆಸರಿಸಿತು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳಲ್ಲಿ ಆಟಿಸಂ ಅನ್ನೂ ಸೇರಿಸಿತು. ಅದು 2017ರ ಏಪ್ರಿಲ್‌ನಲ್ಲಿ ಜಾರಿಗೆ ಬಂತು. ಶೇ. 40ಕ್ಕೆ ಕಡಿಮೆಯಿಲ್ಲದ ವೈಕಲ್ಯವಿರುವ 6ರಿಂದ 18 ವರ್ಷದ ಮಕ್ಕಳಿಗೆ ನೆರೆಹೊರೆಯ ಶಾಲೆಯಲ್ಲಿ ಅಥವಾ ತಮಗೆ ಬೇಕಾದ ವಿಶೇಷ ಶಾಲೆಯಲ್ಲಿ ಉಚಿತ ಶಿಕ್ಷಣದ ಹಕ್ಕಿದೆ.

ಸೌಲಭ್ಯಗಳಿಗೆ ಮೂಲ ಆಧಾರ ವೈಕಲ್ಯ ಪ್ರಮಾಣಪತ್ರ ಹಾಗೂ ವಿಶಿಷ್ಟ ಗುರುತಿನ ಚೀಟಿ. ಆಟಿಸಂ ಅಳೆಯಲು ಭಾರತದಲ್ಲೇ ರೂಪಿಸಲಾದ 40 ಅಂಶಗಳ ಮಾಪಕವನ್ನು ಪ್ರಮಾಣೀಕರಣದಲ್ಲಿ ಬಳಸಲಾಗುತ್ತದೆ. ಮಗುವಿನ ದಿನಚರಿಯ ಕಷ್ಟಗಳನ್ನು ಮೊದಲೇ ಬರೆದಿಟ್ಟುಕೊಂಡು ಹೋಗುವುದು ಉತ್ತಮ; ಅಪರಿಚಿತ ಕೋಣೆಯಲ್ಲಿ ಅರ್ಧ ಗಂಟೆ ಕುಳಿತ ಮಗುವಿನಿಂದ ಎಲ್ಲವೂ ತಿಳಿಯುವುದಿಲ್ಲ. ರಾಷ್ಟ್ರೀಯ ನ್ಯಾಸದ ‘ನಿರಾಮಯ’ ಆರೋಗ್ಯ ವಿಮೆ 1 ಲಕ್ಷ ರೂಪಾಯಿವರೆಗೆ ರಕ್ಷಣೆ ನೀಡುತ್ತದೆ. ನೋಂದಣಿಗೆ ಮುನ್ನ ವೈದ್ಯಕೀಯ ಪರೀಕ್ಷೆಯ ಅಗತ್ಯವಿಲ್ಲ, ಹೊರರೋಗಿ ಚಿಕಿತ್ಸೆ ಮತ್ತು ಥೆರಪಿಗಳಿಗೂ ಇದು ಅನ್ವಯಿಸುತ್ತದೆ.

ಐದು ಮನೆ ಸೇರಿದರೆ ಗುಂಪು

ತಮ್ಮ ಬಡಾವಣೆಯಲ್ಲಿ, ಪಟ್ಟಣದಲ್ಲಿ ಪೋಷಕರ ಗುಂಪೇ ಇಲ್ಲದಿದ್ದರೆ? ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎಂದು ಕಾಯುವ ಬದಲು ಐದಾರು ಕುಟುಂಬಗಳು ಸೇರಿದರೂ ಸಾಕು. ಮಗು ಹೋಗುವ ಥೆರಪಿ ಕೇಂದ್ರದ ಕಾಯುವ ಬೆಂಚೇ ಅನೇಕ ಗುಂಪುಗಳ ಹುಟ್ಟುಸ್ಥಳ. ಆರಂಭಿಸುವವರು ಗಮನದಲ್ಲಿಡಬಹುದಾದ ಅಂಶಗಳಿವು:

* ತಿಂಗಳಿಗೊಂದು ನಿಶ್ಚಿತ ದಿನ, ನಿಶ್ಚಿತ ಸ್ಥಳ. ಬೇಲಿ ಇರುವ ಉದ್ಯಾನ ಅಥವಾ ಭಾನುವಾರ ಖಾಲಿಯಿರುವ ಶಾಲಾ ಕೊಠಡಿ ಅನುಕೂಲ.

* ಒಂದು ಸಭೆಗೆ ಒಂದೇ ವಿಷಯ: ನಿದ್ದೆ, ಊಟ, ಶೌಚದ ಅಭ್ಯಾಸ, ಶಾಲಾ ಪ್ರವೇಶ, ಹದಿಹರೆಯ.

* ತಾಯಂದಿರಷ್ಟೇ ಅಲ್ಲದೆ ತಂದೆ, ಅಜ್ಜ-ಅಜ್ಜಿಯರನ್ನೂ ಕರೆಯುವುದು. ಒಡಹುಟ್ಟಿದ ಮಕ್ಕಳಿಗೆ ಪ್ರತ್ಯೇಕ ಸಮಯ.

* ಸರದಿಯ ಮೇಲೆ ಪರಸ್ಪರರ ಮಕ್ಕಳನ್ನು ಎರಡು ಗಂಟೆ ನೋಡಿಕೊಳ್ಳುವುದು. ತಾಯಿಯೊಬ್ಬಳು ನೆಮ್ಮದಿಯಾಗಿ ಬ್ಯಾಂಕಿಗೆ ಹೋಗಿ ಬರಲು ಸಿಗುವ ಈ ಬಿಡುವಿನ ಬೆಲೆ ದೊಡ್ಡದು.

* ಸಭೆಯಲ್ಲಿ ಹೇಳಿದ ಮನೆಮಾತು ಹೊರಗೆ ಹೋಗಬಾರದು. ಔಷಧ, ಉತ್ಪನ್ನಗಳ ಮಾರಾಟಕ್ಕೆ ಅವಕಾಶವಿರಬಾರದು.

ವಿಶ್ವ ಆರೋಗ್ಯ ಸಂಸ್ಥೆಯು 2ರಿಂದ 9 ವರ್ಷದ ಮಕ್ಕಳ ಪೋಷಕರಿಗಾಗಿ ರೂಪಿಸಿರುವ ಕೌಶಲ ತರಬೇತಿಯೂ ಇದೇ ತತ್ವದ್ದು. ಒಂಬತ್ತು ಗುಂಪು ತರಗತಿ, ಮೂರು ಮನೆಭೇಟಿಗಳ ಈ ಕ್ರಮವನ್ನು ತರಬೇತಿ ಪಡೆದ ಸಾಮಾನ್ಯ ಕಾರ್ಯಕರ್ತರೂ ನಡೆಸಬಹುದು.

ನೆರೆಹೊರೆ ಮಾಡಬಹುದಾದುದು

ಬೆಂಬಲವೆಂದರೆ ಹಣವೇ ಆಗಬೇಕಿಲ್ಲ. ಕ್ಷೌರದಂಗಡಿಯ ಯಂತ್ರದ ಸದ್ದು ಅನೇಕ ಮಕ್ಕಳಿಗೆ ಸಹಿಸಲಾಗದು. ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಕತ್ತರಿಯಿಂದಲೇ ಕೂದಲು ಕತ್ತರಿಸಿದರೆ ಅರ್ಧ ಸಮಸ್ಯೆ ಮುಗಿಯಿತು. ದೇವಸ್ಥಾನ, ಹೋಟೆಲುಗಳಲ್ಲಿ ಜನಸಂದಣಿಯಿಲ್ಲದ ವೇಳೆ ತಿಳಿಸುವುದು, ಸಾಲಿನಲ್ಲಿ ಮುಂದೆ ಬಿಡುವುದು ಯಾರಿಗೂ ಹೊರೆಯಲ್ಲ. ಅಪಾಯದ ಅರಿವಿಲ್ಲದೆ ಮನೆಯಿಂದ ಹೊರಟುಬಿಡುವ ಮಕ್ಕಳಿರುತ್ತಾರೆ. ಆದ್ದರಿಂದ ವಸತಿ ಸಮುಚ್ಚಯದ ಕಾವಲುಗಾರ, ಆಟೊ ನಿಲ್ದಾಣ, ಬೀದಿಯ ಅಂಗಡಿಗಳಿಗೆ ಮಗುವಿನ ಪರಿಚಯವಿರಲಿ. ದೂರವಾಣಿ ಸಂಖ್ಯೆಯಿರುವ ಕೈಪಟ್ಟಿ ಮಗುವಿನ ಮೈಮೇಲಿರಲಿ. ಕೆರೆ, ಬಾವಿ, ಕಾಲುವೆ ಸಮೀಪವಿರುವ ಊರುಗಳಲ್ಲಂತೂ ಮಗು ಕಾಣೆಯಾದರೆ ಮೊದಲು ನೋಡಬೇಕಾದುದು ನೀರಿನ ದಡವನ್ನು.

ಭಾಷೆಯ ವಿಚಾರವೂ ಮುಖ್ಯ. ಮಗು ಗೊಂದಲಕ್ಕೀಡಾಗುತ್ತದೆಂದು ಮನೆಮಾತು ಕೈಬಿಟ್ಟು ಇಂಗ್ಲಿಷಿನಲ್ಲೇ ಮಾತನಾಡುವ ಪೋಷಕರು ನಗರಗಳಲ್ಲಿ ಹೆಚ್ಚು. ಎರಡು ಭಾಷೆ ಕೇಳುವುದರಿಂದ ಆಟಿಸಂ ಮಕ್ಕಳ ಮಾತಿನ ಬೆಳವಣಿಗೆಗೆ ಹಾನಿಯಾಗುತ್ತದೆ ಎಂಬುದಕ್ಕೆ ಸಂಶೋಧನೆಗಳ ಆಧಾರವಿಲ್ಲ. ಕನ್ನಡವೋ ತುಳುವೋ ಉರ್ದುವೋ, ಅಜ್ಜಿ ಆಡುವ ಮಾತನ್ನು ಮಗುವಿನಿಂದ ಕಿತ್ತುಕೊಂಡರೆ ಹತ್ತಿರದವರೊಡನೆ ಬೆರೆಯುವ ದಾರಿಯನ್ನೇ ಮುಚ್ಚಿದಂತೆ.

‘ಗುಣಪಡಿಸುತ್ತೇವೆ’ ಎನ್ನುವವರ ಬಗ್ಗೆ ಎಚ್ಚರ

ಹತಾಶೆ ಇರುವಲ್ಲಿ ವ್ಯಾಪಾರವೂ ಇರುತ್ತದೆ. ಆಟಿಸಂ ಅನ್ನು ಸಂಪೂರ್ಣ ಗುಣಪಡಿಸುವ ಔಷಧ ಇಲ್ಲ. ಲಕ್ಷಾಂತರ ರೂಪಾಯಿ ಪಡೆದು ನೀಡಲಾಗುವ ಕಾಂಡಕೋಶ ಚಿಕಿತ್ಸೆಯನ್ನು ಆಟಿಸಂಗೆ ಶಿಫಾರಸು ಮಾಡಲಾಗದು ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗದ ನೈತಿಕ ಮಂಡಳಿ 2022ರಲ್ಲೇ ಸ್ಪಷ್ಟಪಡಿಸಿದೆ. ಲಸಿಕೆಯಿಂದ ಆಟಿಸಂ ಬರುತ್ತದೆಂಬ ಭೀತಿ ಹುಟ್ಟಿಸಿದ 1998ರ ಪ್ರಬಂಧವನ್ನು ಪ್ರಕಟಿಸಿದ ಪತ್ರಿಕೆಯೇ 2010ರಲ್ಲಿ ಹಿಂತೆಗೆದುಕೊಂಡಿತು. ಇಂಥ ಆಮಿಷಗಳಿಂದ ಹೊಸ ಕುಟುಂಬಗಳನ್ನು ಕಾಪಾಡಬಲ್ಲವರು ಒಮ್ಮೆ ಕೈಸುಟ್ಟುಕೊಂಡ ಹಳೆಯ ಪೋಷಕರು.

ನಮ್ಮ ನಂತರ ಯಾರು?

ಯಾವುದೇ ಪೋಷಕರ ಸಭೆ ಕೊನೆಗೆ ಬಂದು ನಿಲ್ಲುವುದು ಈ ಪ್ರಶ್ನೆಗೆ. 18 ತುಂಬಿದ ಮೇಲೆ ಕಾನೂನಿನ ದೃಷ್ಟಿಯಲ್ಲಿ ತಂದೆತಾಯಿ ತಾವಾಗಿಯೇ ಪಾಲಕರಾಗಿ ಉಳಿಯುವುದಿಲ್ಲ. ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಜಿಲ್ಲಾಧಿಕಾರಿ, ನೋಂದಾಯಿತ ಸಂಸ್ಥೆಯ ಪ್ರತಿನಿಧಿ ಹಾಗೂ ಒಬ್ಬ ವಿಕಲಚೇತನ ವ್ಯಕ್ತಿಯನ್ನು ಒಳಗೊಂಡ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಸಲ್ಲಿಸಿ ಪಾಲಕತ್ವ ಪಡೆಯಬಹುದು. ಉಯಿಲು, ಹಣಕಾಸಿನ ವ್ಯವಸ್ಥೆ, ಮಗುವಿನ ಇಷ್ಟಾನಿಷ್ಟ, ಔಷಧ, ಅಭ್ಯಾಸಗಳ ಲಿಖಿತ ವಿವರ - ಇವನ್ನು ಆರೋಗ್ಯವಾಗಿರುವಾಗಲೇ ಸಿದ್ಧಪಡಿಸುವುದು ಜಾಣತನ.

ಆರೈಕೆ ಮಾಡುವವರ ಮನಸ್ಸೂ ದಣಿಯುತ್ತದೆ. ನಿದ್ದೆಯಿಲ್ಲದ ರಾತ್ರಿಗಳು, ನಿಲ್ಲದ ಅಳು, ಬದುಕೇ ಬೇಡವೆಂಬ ಯೋಚನೆ ಕಾಡಿದರೆ 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು. ಕನ್ನಡದಲ್ಲೂ ಉಚಿತ ಆಪ್ತಸಮಾಲೋಚನೆ ಲಭ್ಯ.

ವಿಶ್ವಸಂಸ್ಥೆಯ ತೀರ್ಮಾನದಂತೆ 2008ರಿಂದ ಪ್ರತಿ ವರ್ಷ ಏಪ್ರಿಲ್ 2ರಂದು ವಿಶ್ವ ಆಟಿಸಂ ಅರಿವಿನ ದಿನ ಆಚರಿಸಲಾಗುತ್ತಿದೆ. ಆ ಒಂದು ದಿನದ ನೀಲಿ ದೀಪಗಳು ಆರಿದ ಮೇಲೆ ಉಳಿದ 364 ದಿನ ಮಗುವಿನ ಜೊತೆಗಿರುವುದು ಬೀದಿ, ಶಾಲೆ ಮತ್ತು ಪಕ್ಕದ ಮನೆ. ಬಾಗಿಲು ಮುಚ್ಚಿಕೊಂಡ ಮನೆಗೆ ಒಂದು ಸಂಜೆ ಹೋಗಿ, ‘ಮಗುವನ್ನು ನಾನು ನೋಡಿಕೊಳ್ಳುತ್ತೇನೆ, ನೀವು ಹೋಗಿ ಬನ್ನಿ’ ಎನ್ನುವ ನೆರೆಯವರಿಂದಲೇ ಸಮುದಾಯದ ಬೆಂಬಲ ಆರಂಭವಾಗುತ್ತದೆ.